ಕರಗಿದ ತಟ್ಟೆ ಕಲಿಸುವ ಪಾಠ

‘ಪ್ರಯೋಗ ಕೆಟ್ಟಿತು’ ಎಂಬ ಮಾತನ್ನು ವಿದ್ಯಾರ್ಥಿಗಳ ಬಾಯಲ್ಲಿ ನಾವು ಪದೇಪದೇ ಕೇಳುತ್ತೇವೆ. ಪುಸ್ತಕದಲ್ಲಿ ಹೇಳಿದ ಫಲಿತಾಂಶ ಬಾರದಿದ್ದರೆ ಪ್ರಯೋಗ ಕೆಟ್ಟಿತು, ಬಂದರೆ ಸಿದ್ಧಿಸಿತು ಎಂದೆಣಿಸುವುದು ನಮ್ಮ ಶಾಲಾ ಕಾಲೇಜುಗಳಲ್ಲಿ ರೂಢಿಯಾಗಿಬಿಟ್ಟಿದೆ. ಪರೀಕ್ಷೆ ಸಮೀಪಿಸಿದಾಗ ಹಿಂದಿನ ವರ್ಷದವರ ಪ್ರಯೋಗಪುಸ್ತಕವನ್ನು ಎರವಲು ತಂದು, ಅಲ್ಲಿಯ ಅಂಕಿಗಳನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು, ಗುರುಗಳ ಸಹಿ ಪಡೆಯುವ ಪದ್ಧತಿಯೂ ಅನೇಕ ಕಡೆ ಉಂಟು. ಇದೂ ಒಂದು ಬಗೆಯ ಮುದ್ರಣವೆಂದೇ ಹೇಳಬೇಕು. ಒಬ್ಬರ ಪುಟ ಮತ್ತೊಬ್ಬರ ಪುಟದ ಮೇಲೆ ಮೂಡುತ್ತದೆ. ಬುದ್ಧಿಯ ಮೇಲೆ ಮಾತ್ರ ಯಾವ ಮುದ್ರೆಯೂ ಬೀಳುವುದಿಲ್ಲ.

ಈ ಮಾತನ್ನು ಎತ್ತಲು ಕಾರಣವಾದುದು ಒಂದು ಸಣ್ಣ ಪ್ರಸಂಗ. ಕಳೆದ ಬೇಸಿಗೆಯ ರಜೆಯಲ್ಲಿ ರೋಣದ ಮನೆಯೊಂದರಲ್ಲಿ ಕೆಲವು ಹೈಸ್ಕೂಲು ವಿದ್ಯಾರ್ಥಿಗಳೊಡನೆ ಕುಳಿತು ನಾವು ಜೆಲ್ ತಟ್ಟೆಯ ಮುದ್ರಣವನ್ನು ಪ್ರಯತ್ನಿಸಿದೆವು. ಇದು ಈಚೆಗೆ ನಾನಾ ದೇಶಗಳಲ್ಲಿ ಮನೆಮನೆಯ ಹವ್ಯಾಸವಾಗಿರುವ ಒಂದು ಸರಳ ಕಲೆ. ಜಿಲೆಟಿನ್ ಎಂಬ ವಸ್ತುವನ್ನು ಬಿಸಿನೀರಿನಲ್ಲಿ ಕರಗಿಸಿ, ಅಂಚುಳ್ಳ ತಟ್ಟೆಯಲ್ಲಿ ಬೆರಳಿನಷ್ಟು ದಪ್ಪಕ್ಕೆ ಹೊಯ್ದು ಆರಲು ಬಿಟ್ಟರೆ, ಅದು ಮೆತ್ತಗಿನ ನುಣುಪಾದ ಹಲಗೆಯಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಸಣ್ಣ ರಬ್ಬರ್ ರೋಲರಿನಿಂದ ತೆಳುವಾಗಿ ಬಣ್ಣ ಹಚ್ಚಿ, ಎಲೆಯನ್ನೋ ನೂಲನ್ನೋ ಇರಿಸಿ, ಮೇಲೆ ಕಾಗದವನ್ನಿಟ್ಟು ಅಂಗೈಯಿಂದ ತಿಕ್ಕಿ ಎತ್ತಿದರೆ ಚಿತ್ರ ಮೂಡುತ್ತದೆ. ಯಂತ್ರ ಬೇಡ, ವಿದ್ಯುತ್ತು ಬೇಡ, ಮೊಳೆ ಜೋಡಿಸುವ ಶ್ರಮವೂ ಬೇಡ.

ಬೆಳಗಿನ ಹೊತ್ತಿಗೆ ನಮ್ಮ ತಟ್ಟೆ ಚೆನ್ನಾಗಿಯೇ ಕಟ್ಟಿತ್ತು. ಎರಡು ಮೂರು ಅಚ್ಚುಗಳೂ ಸೊಗಸಾಗಿ ಬಂದವು. ಹನ್ನೊಂದು ಗಂಟೆ ಕಳೆಯುತ್ತಲೇ ಅದರ ಅಂಚು ಬೆವರತೊಡಗಿತು. ಮಧ್ಯಾಹ್ನದ ಹೊತ್ತಿಗೆ ಗಂಗಾಳದಲ್ಲಿ ಉಳಿದದ್ದು ಬಣ್ಣ ಕಲೆತ ಗಂಜಿಯಂಥ ದ್ರವ. ಮಕ್ಕಳ ಮುಖ ಬಾಡಿತು. ಒಳಗಿನಿಂದ ಬಂದ ಮನೆಯ ಹಿರಿಯಾಕೆ ಒಮ್ಮೆ ನೋಡಿ, “ಈ ಬಿಸಿಲಾಗ ತುಪ್ಪನ ಗಟ್ಟಿ ಇರಂಗಿಲ್ಲ, ಇದೇನ್ ನಿಂತೀತು?” ಎಂದು ನಕ್ಕರು. ಒಬ್ಬ ಹುಡುಗ ತನ್ನ ಟಿಪ್ಪಣಿಯಲ್ಲಿ ‘ಪ್ರಯೋಗ ಕೆಟ್ಟಿತು’ ಎಂದು ಬರೆದು ಪುಸ್ತಕ ಮುಚ್ಚಿದನು. ಅವನ ಆ ಎರಡು ಪದಗಳನ್ನು ಕುರಿತೇ ನಮ್ಮ ಈ ಲೇಖನ.

ನಿಜವಾಗಿ ಕೆಟ್ಟದ್ದೇನು? ಜಿಲೆಟಿನ್ ದನಕರುಗಳ ಚರ್ಮ, ಮೂಳೆಗಳಲ್ಲಿರುವ ಕೊಲ್ಲಾಜನ್ ಎಂಬ ಪ್ರೋಟೀನಿನಿಂದ ಬರುವ ಪದಾರ್ಥ. ಅದರ ಅಣುಗಳು ಬಹು ಉದ್ದವಾದ ಸರಪಳಿಗಳು. ಬಿಸಿನೀರಿನಲ್ಲಿ ಅವು ಒಂದಕ್ಕೊಂದು ಸಂಬಂಧವಿಲ್ಲದೆ ತೇಲಾಡುತ್ತಿರುತ್ತವೆ. ದ್ರಾವಣ ತಣಿದಂತೆ ಅಲ್ಲಲ್ಲಿ ಮೂರು ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡು ಗಂಟುಗಳಾಗುತ್ತವೆ. ಹೀಗೆ ನೇಯ್ದ ಬಲೆಯೊಳಗೆ ನೀರು ಸಿಕ್ಕಿಬೀಳುತ್ತದೆ. ತೂಕದಲ್ಲಿ ಬಹುಭಾಗ ನೀರೇ ಆಗಿದ್ದರೂ ಅದು ಹರಿಯದೆ ನಿಲ್ಲುವುದು ಈ ಬಲೆಯ ದೆಸೆಯಿಂದ. ಇಂಥ ಸ್ಥಿತಿಯನ್ನೇ ಜೆಲ್ ಎನ್ನುತ್ತಾರೆ. ಇದು ಕಲಿಲಗಳ ವರ್ಗಕ್ಕೆ ಸೇರಿದ್ದು. ಆದರೆ ಜಿಲೆಟಿನ್ನಿನ ಗಂಟುಗಳು ದುರ್ಬಲವಾದವು. ಸುಮಾರು 30ರಿಂದ 35 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಅವು ಬಿಚ್ಚಿಕೊಳ್ಳುತ್ತವೆ. ಜಿಲೆಟಿನ್ನಿನ ತಿನಿಸು ನಾಲಗೆಯ ಮೇಲೆ ತಾನಾಗಿ ಕರಗುವುದಕ್ಕೂ ಇದೇ ಕಾರಣ, ಏಕೆಂದರೆ ನಮ್ಮ ದೇಹದ ತಾಪ 37 ಡಿಗ್ರಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ರೋಣ, ನರಗುಂದ, ಗಜೇಂದ್ರಗಡಗಳ ಕರಿಮಣ್ಣಿನ ಬಯಲು ಮಧ್ಯಾಹ್ನದಲ್ಲಿ ಇದನ್ನು ಮೀರಿ ಕಾಯುತ್ತದೆ.

ಅಂದಮೇಲೆ ಆ ದಿನ ತಟ್ಟೆ ಕರಗದೆ ನಿಂತಿದ್ದರೇ ನಾವು ಆಶ್ಚರ್ಯಪಡಬೇಕಾಗಿತ್ತು. ಪುಸ್ತಕದ ವಿಧಾನವು ತಂಪುದೇಶದ ಮನೆಯಲ್ಲಿ ಬರೆದದ್ದು. ಪ್ರಯೋಗ ನಡೆದದ್ದು ರೋಣದ ಪಡಸಾಲೆಯಲ್ಲಿ. ನಮ್ಮ ತಟ್ಟೆಯು ಪ್ರಕೃತಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತ್ತು. ಕರಗಿದ ಗಳಿಗೆಯಲ್ಲಿ ಪಕ್ಕದಲ್ಲಿ ಒಂದು ತಾಪಮಾಪಕ ಇದ್ದಿದ್ದರೆ ಜಿಲೆಟಿನ್ನಿನ ಕರಗುವ ಬಿಂದುವನ್ನೇ ಆ ಹುಡುಗನು ತನ್ನ ಕೈಯಾರೆ ಅಳೆದಂತಾಗುತ್ತಿತ್ತು. ‘ಕೆಟ್ಟಿತು’ ಎಂದು ಬರೆದುದರಿಂದ ಅವನು ಕಳೆದುಕೊಂಡದ್ದು ಒಂದು ಒಳ್ಳೆಯ ವೀಕ್ಷಣೆಯನ್ನು.

ಇದೇ ರೀತಿ ಕರಗಿದ ಜಿಲೆಟಿನ್ ವಿಜ್ಞಾನದ ಚರಿತ್ರೆಯಲ್ಲಿ ಒಂದು ದೊಡ್ಡ ಬಾಗಿಲನ್ನು ತೆರೆದಿದೆ. ಜರ್ಮನಿಯಲ್ಲಿ ರಾಬರ್ಟ್ ಕಾಕ್ ರೋಗಾಣುಗಳನ್ನು ಬೇರ್ಪಡಿಸಿ ಬೆಳೆಸಲು ಜಿಲೆಟಿನ್ ಬೆರೆಸಿದ ಆಹಾರವನ್ನು ಬಳಸುತ್ತಿದ್ದನು. ಮನುಷ್ಯನ ದೇಹದಲ್ಲಿ ವಾಸಿಸುವ ರೋಗಾಣುಗಳಿಗೆ ದೇಹದ ತಾಪವೇ ಬೇಕು. ಆ ತಾಪದಲ್ಲಿ ಜಿಲೆಟಿನ್ ನಿಲ್ಲದು. ಸಾಲದೆಂಬಂತೆ ಕೆಲವು ಅಣುಜೀವಿಗಳು ಜಿಲೆಟಿನ್ನನ್ನೇ ಜೀರ್ಣಿಸಿಕೊಂಡು ನೀರು ಮಾಡಿಬಿಡುತ್ತಿದ್ದವು. ಕಾಕನ ಬಳಿ ಕೆಲಸಕ್ಕೆ ಬಂದಿದ್ದ ವಾಲ್ಟರ್ ಹೆಸ್ ಎಂಬ ವೈದ್ಯನಿಗೂ ಇದೇ ತೊಡಕು ಎದುರಾಯಿತು. ಅವನ ಹೆಂಡತಿ ಫ್ಯಾನಿ ಹೆಸ್ ಅವನ ಕೆಲಸದಲ್ಲಿ ನೆರವಾಗುತ್ತ, ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಚಿತ್ರಿಸಿಕೊಡುತ್ತಿದ್ದಳು. ಬೇಸಿಗೆಯಲ್ಲಿಯೂ ನಿಲ್ಲುವ ಹಣ್ಣಿನ ಜೆಲ್ಲಿಯನ್ನು ಅವಳು ತನ್ನ ಅಡಿಗೆಮನೆಯಲ್ಲಿ ಅಗರ್‌ನಿಂದ ಮಾಡುತ್ತಿದ್ದಳು. ಜಾವಾದಲ್ಲಿ ಇದ್ದು ಬಂದ ಡಚ್ ಪರಿಚಿತರಿಂದ ಅವಳಿಗೆ ಈ ವಿದ್ಯೆ ಬಂದಿತ್ತು. 1881ರಲ್ಲಿ ಅವಳು ಗಂಡನಿಗೆ ಅದನ್ನೇ ಪ್ರಯತ್ನಿಸುವಂತೆ ಸೂಚಿಸಿದಳು. ಮರುವರ್ಷ ಕ್ಷಯರೋಗಾಣುವನ್ನು ಕುರಿತ ತನ್ನ ಪ್ರಸಿದ್ಧ ಲೇಖನದಲ್ಲಿ ಕಾಕ್ ಅಗರ್‌ನ ಹೆಸರನ್ನು ಹೇಳಿದನು. ಫ್ಯಾನಿ ಹೆಸ್‌ಳ ಹೆಸರನ್ನು ಹೇಳಲಿಲ್ಲ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು ಅಗರ್ ತಟ್ಟೆಗಳ ಮೇಲೆಯೇ.

ಅಗರ್ ನಮಗೆ ಅಪರಿಚಿತವಾದುದಲ್ಲ. ಕಿರಾಣಿ ಅಂಗಡಿಗಳಲ್ಲಿ ಚೈನಾಗ್ರಾಸ್ ಎಂಬ ಹೆಸರಿನಿಂದ ಬಿಳಿಯ ಎಳೆಗಳಾಗಿಯೋ ಪುಡಿಯಾಗಿಯೋ ಮಾರುವುದು ಇದನ್ನೇ. ಕಡಲಿನ ಕೆಂಪು ಪಾಚಿಗಳಿಂದ ಇದನ್ನು ತೆಗೆಯುತ್ತಾರೆ. ತಮಿಳುನಾಡಿನ ಕರಾವಳಿಯಲ್ಲಿಯೂ ಅಂಥ ಪಾಚಿ ದೊರೆಯುತ್ತದೆ. ಇದು ಪ್ರೋಟೀನಲ್ಲ, ಸಕ್ಕರೆಯ ಘಟಕಗಳು ಸರಪಳಿಯಾಗಿ ಸೇರಿದ ಪದಾರ್ಥ. ತಣಿದಾಗ ಇದರ ಸರಪಳಿಗಳು ಜೋಡಿಜೋಡಿಯಾಗಿ ಹೊಸೆದುಕೊಂಡು, ಆ ಜೋಡಿಗಳು ಮತ್ತೆ ಕಟ್ಟುಕಟ್ಟಾಗಿ ಸೇರುತ್ತವೆ. ಆದಕಾರಣ ಇದರಲ್ಲಿ ಒಂದು ವಿಚಿತ್ರ ಗುಣವಿದೆ: ದ್ರಾವಣವು ಗಟ್ಟಿಯಾಗುವುದು 40 ಡಿಗ್ರಿಗಿಂತ ಕೆಳಗೆ ಇಳಿದಾಗ, ಗಟ್ಟಿಯಾದದ್ದು ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು. ರೋಣದ ಬಿಸಿಲು ಎಷ್ಟು ಉಗ್ರವಾದರೂ ಅಲ್ಲಿಗೆ ಮುಟ್ಟದು. ಮೂಳೆ ಚರ್ಮಗಳಿಂದ ಬಂದ ವಸ್ತುವನ್ನು ಒಲೆಯ ಬಳಿಗೆ ತರಲು ಒಪ್ಪದ ಮನೆಗಳು ನಮ್ಮಲ್ಲಿ ಬಹಳ. ಅವರಿಗೂ ಅಗರ್‌ನಿಂದ ಅಡ್ಡಿಯಿಲ್ಲ.

ಎರಡನೆಯ ಸಲ ನಾವು ಚೈನಾಗ್ರಾಸ್ ತಂದೆವು. ಇದಕ್ಕೆ ಹೇಳುವ ಪ್ರಮಾಣವನ್ನು ಕಣ್ಣುಮುಚ್ಚಿ ನಂಬದೆ ಮೂರು ಸಣ್ಣ ತಟ್ಟೆಗಳನ್ನು ಮಾಡಿ ಹೋಲಿಸುವುದು ಮೇಲು. ನೂರು ಮಿಲಿಲೀಟರ್ ನೀರಿಗೆ 2, 3, 4 ಗ್ರಾಂ ಅಗರ್ ಪುಡಿಯನ್ನು ಬೇರೆಬೇರೆ ಪಾತ್ರೆಗಳಲ್ಲಿ ಹಾಕಿ, ಕೈಯಾಡಿಸುತ್ತ ಪೂರ್ತಿ ಕುದಿಸಿ, ತಿಳಿಯಾದ ಮೇಲೆ ಸ್ವಲ್ಪ ಗ್ಲಿಸರಿನ್ ಬೆರೆಸಿ ಸಮತಟ್ಟಾದ ತಟ್ಟೆಗಳಿಗೆ ಹೊಯ್ಯಬೇಕು. ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣವುಳ್ಳದ್ದು; ತಟ್ಟೆ ಬೇಗ ಒಣಗದಂತೆ ಅದು ಕಾಯುತ್ತದೆ. ನಮ್ಮ ತಟ್ಟೆಗಳು ಮಧ್ಯಾಹ್ನವೂ ಕರಗಲಿಲ್ಲ. ಆದರೆ ಹೊಸ ತೊಂದರೆಗಳು ಕಾಣಿಸಿಕೊಂಡವು. ಅಗರ್ ಜಿಲೆಟಿನ್ನಿನಂತೆ ಬಾಗುವುದಿಲ್ಲ, ಬಿರಿಯುತ್ತದೆ. ಒಂದು ತಟ್ಟೆಯ ಮೂಲೆ ಮುರಿಯಿತು. ಹೊತ್ತು ಕಳೆದಂತೆ ಮೇಲ್ಮೈಯಲ್ಲಿ ನೀರಿನ ಹನಿಗಳು ಒಸರಿ ಬಣ್ಣವನ್ನು ಒಡೆದವು. ಅಣುಗಳ ಬಲೆ ತಾನಾಗಿ ಬಿಗಿಯಾಗುತ್ತ ಒಳಗಿನ ನೀರನ್ನು ಹೊರಗೆ ಹಿಂಡುವುದರಿಂದ ಹೀಗಾಗುತ್ತದೆ. ಹೆಪ್ಪುಗಟ್ಟಿದ ಮೊಸರು ಬಿಡುವ ತಿಳಿನೀರನ್ನು ನೋಡಿದವರಿಗೆ ಇದು ಹೊಸದಲ್ಲ. ಹಳೆಯ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆದ ಮೇಲೆ ಕೆಲಸ ಸಾಗಿತು. ಆ ದಿನ ಟಿಪ್ಪಣಿಯ ಪುಸ್ತಕದಲ್ಲಿ ‘ಕೆಟ್ಟಿತು’ ಎಂಬ ಪದ ಬರಲಿಲ್ಲ. ‘ಮೂಲೆ ಮುರಿಯಿತು, ಕಾರಣ ಹೀಗಿರಬಹುದು’ ಎಂಬ ವಾಕ್ಯ ಬಂದಿತು.

ಇಲ್ಲಿ ನಮ್ಮ ವಿದ್ಯಾರ್ಥಿಗಳು, ಅದರಲ್ಲಿಯೂ ವಿದ್ಯಾರ್ಥಿನಿಯರು, ಗಮನಿಸಬೇಕಾದ ಒಂದು ಸಂಗತಿಯಿದೆ. ಫ್ಯಾನಿ ಹೆಸ್ ತಂದದ್ದು ಅಡಿಗೆಮನೆಯ ಅನುಭವ. ಅಂಥ ಅನುಭವ ನಮ್ಮ ಮನೆಗಳಲ್ಲಿ ಕಡಮೆಯೇ? ಬೆಲ್ಲದ ಪಾಕವನ್ನು ಬೆರಳುಗಳ ನಡುವೆ ಎಳೆದು ಒಂದೆಳೆಯೋ ಎರಡೆಳೆಯೋ ಎಂದು ನೋಡುವಾಕೆ ದ್ರವದ ಸ್ನಿಗ್ಧತೆಯನ್ನು ಅಳೆಯುತ್ತಿದ್ದಾಳೆ. ಬಾಣಂತಿಗೆ ಅಂಟಿನುಂಡೆ ಕಟ್ಟಲು ಅಂಟನ್ನು ತುಪ್ಪದಲ್ಲಿ ಅರಳಿಸುವಾಕೆ ಸಸ್ಯದ ಅಂಟಿನ ಗುಣವನ್ನು ಬಲ್ಲಳು. ತುಪ್ಪದ ಮಾತನ್ನಾಡಿ ನಕ್ಕ ಆ ಹಿರಿಯಾಕೆ ನಮ್ಮೆಲ್ಲರಿಗಿಂತ ಮೊದಲೇ ಫಲಿತಾಂಶವನ್ನು ಕಂಡಿದ್ದರು, ಏಕೆಂದರೆ ಪದಾರ್ಥದ ಸ್ಥಿತಿ ತಾಪವನ್ನು ಅವಲಂಬಿಸಿದೆ ಎಂಬುದು ಅವರಿಗೆ ನಿತ್ಯದ ಅನುಭವ. ಈ ಜ್ಞಾನವನ್ನು ವಿಜ್ಞಾನದ ಹೊರಗೆ ನಿಲ್ಲಿಸಿರುವುದು ನಮ್ಮ ಪಾಠಕ್ರಮದ ದೊಡ್ಡ ಕೊರತೆಯೆಂದು ನಾವು ಭಾವಿಸುತ್ತೇವೆ.

ಇನ್ನು ಮುದ್ರಣದ ಮಾತಿಗೆ ಬರೋಣ. ತಟ್ಟೆಯ ಮೇಲೆ ಬಣ್ಣ ಹಚ್ಚಿ ಬೇವಿನ ಎಲೆಯೊಂದನ್ನು ಬೆನ್ನು ಕೆಳಗಾಗಿ ಇಟ್ಟು ಕಾಗದ ಒತ್ತಿದರೆ, ಎಲೆ ಮುಚ್ಚಿದ ಜಾಗವನ್ನು ಬಿಟ್ಟು ಉಳಿದೆಡೆಯ ಬಣ್ಣವೆಲ್ಲ ಕಾಗದಕ್ಕೆ ಏರುತ್ತದೆ. ಈ ಮೊದಲನೆಯ ಅಚ್ಚಿನಲ್ಲಿ ಕಾಣುವುದು ಎಲೆಯ ಆಕಾರ ಮಾತ್ರ. ಈಗ ಎಲೆಯನ್ನು ಮೆಲ್ಲಗೆ ತೆಗೆದು, ಬೇರೆ ಕಾಗದವನ್ನು ಒತ್ತಿ ಎತ್ತಿರಿ. ಎಲೆಯ ಕೆಳಗೆ ಉಳಿದಿದ್ದ ಬಣ್ಣ ಮೇಲೆದ್ದು ಬಂದು ನರನರವೂ ಕವಲುಕವಲೂ ಸ್ಪಷ್ಟವಾಗಿ ಮೂಡುತ್ತವೆ. ಉಬ್ಬಿದ ನರಗಳು ಮೃದುವಾದ ಜೆಲ್ಲಿಗೆ ಒತ್ತಿಕೊಂಡು ತಮಗೆ ತಗುಲಿದ ಬಣ್ಣವನ್ನು ಕೊಂಡೊಯ್ದಿರುತ್ತವೆ; ತಗ್ಗಿನಲ್ಲಿದ್ದ ಬಣ್ಣ ಹಾಗೆಯೇ ಉಳಿದಿರುತ್ತದೆ. ಗಟ್ಟಿಯಾದ ಮರದ ಹಲಗೆಯ ಮೇಲೆ ಇಷ್ಟು ನವುರಾದ ಮುದ್ರೆ ಬಾರದು.

ಎಲೆಯಿಂದಲೇ ಎಲೆಯ ಚಿತ್ರವನ್ನು ತೆಗೆಯುವ ಈ ವಿದ್ಯೆಗೆ ಕನ್ನಡ ನಾಡಿನಲ್ಲಿಯೇ ಹಳೆಯ ಪರಂಪರೆಯುಂಟು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1862ರಲ್ಲಿ ಜೆ. ಹುಂಜಿಕರ್ ಎಂಬಾತನು ‘ನೇಚರ್ಸ್ ಸೆಲ್ಫ್‌ಪ್ರಿಂಟಿಂಗ್’ ಎಂಬ ಸಂಪುಟವನ್ನು ಹೊರಡಿಸಿದನು. ಪ್ರಕೃತಿ ತನ್ನನ್ನು ತಾನೇ ಮುದ್ರಿಸಿಕೊಳ್ಳುವುದು ಎಂದು ಆ ಹೆಸರಿನ ಅರ್ಥ. ದಕ್ಷಿಣ ಭಾರತದ ಉಪಯುಕ್ತ ಸಸ್ಯಗಳ ಹಸಿ ಮಾದರಿಗಳಿಂದಲೇ ಬಣ್ಣದ ಅಚ್ಚುಗಳನ್ನು ತೆಗೆದು ಅದರಲ್ಲಿ ಸೇರಿಸಿದ್ದರು. ಅದೇ ಮುದ್ರಣಾಲಯ 1881ರಲ್ಲಿ ಸ್ಟೋಲ್ಸ್ ಎಂಬಾತನ, ಐನೂರು ಭಾರತೀಯ ಸಸ್ಯಗಳ ಔಷಧೀಯ ಮತ್ತು ಕೈಗಾರಿಕಾ ಉಪಯೋಗಗಳನ್ನು ತಿಳಿಸುವ ಕನ್ನಡ ಗ್ರಂಥವನ್ನು ಪ್ರಕಟಿಸಿತು. ಕ್ಯಾಮರಾ ಮನೆಮನೆಗೆ ಬರುವ ಮುನ್ನ ಸಸ್ಯಗಳನ್ನು ಗುರುತಿಸಲು ಎಲೆಯಚ್ಚು ವಿಶ್ವಾಸಾರ್ಹವಾದ ಸಾಧನವಾಗಿತ್ತು.

ಎಲೆಯ ನಂತರ ಚಿತ್ರವನ್ನೇ ವರ್ಗಾಯಿಸುವ ಪ್ರಯೋಗ. ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ, ಕಪ್ಪುಬಿಳುಪು ಎದ್ದು ಕಾಣುವ ಒಂದು ಪ್ರತಿಯನ್ನು ತೆಗೆದುಕೊಳ್ಳಿರಿ. ತಟ್ಟೆಗೆ ಅಕ್ರಿಲಿಕ್ ಬಣ್ಣವನ್ನು ಬಹು ತೆಳುವಾಗಿ ಹಚ್ಚಿ, ಪ್ರತಿಯನ್ನು ಮುಖ ಕೆಳಗಾಗಿ ಇಟ್ಟು ಒತ್ತಿ, ಕೂಡಲೇ ಎತ್ತಿರಿ. ಕಾಗದದ ಬಿಳಿಯ ಭಾಗವು ತನ್ನ ಕೆಳಗಿನ ಬಣ್ಣವನ್ನು ಎತ್ತಿಕೊಂಡು ಹೋಗುತ್ತದೆ. ಕಪ್ಪು ಭಾಗದ ಕೆಳಗಿನ ಬಣ್ಣ ತಟ್ಟೆಯಲ್ಲಿಯೇ ಉಳಿದು ಚಿತ್ರವಾಗಿ ನಿಲ್ಲುತ್ತದೆ. ಅದು ಒಣಗಿದ ಮೇಲೆ ಬೇರೊಂದು ತಿಳಿಬಣ್ಣವನ್ನು ಮೇಲೆ ಹಚ್ಚಿ ಹೊಸ ಕಾಗದವನ್ನೊತ್ತಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ, ಎರಡನೆಯ ಬಣ್ಣವೇ ಅಂಟಾಗಿ ಮೊದಲಿನ ಚಿತ್ರವನ್ನು ಎಳೆದುಕೊಂಡು ಬರುತ್ತದೆ.

ಇದರ ಗುಟ್ಟು ಜೆರಾಕ್ಸಿನ ಮಸಿಯಲ್ಲಿದೆ. ಅದು ಮಸಿಯೇ ಅಲ್ಲ. ಇಂಗಾಲ ಬೆರೆತ ಪ್ಲಾಸ್ಟಿಕ್ ಪುಡಿಯನ್ನು ಶಾಖದಿಂದ ಕರಗಿಸಿ ಕಾಗದಕ್ಕೆ ಅಂಟಿಸಿದ್ದು. ನೀರಿನಲ್ಲಿ ಕಲಸಿದ ಬಣ್ಣ ಕಾಗದದ ನಾರಿಗೆ ಸುಲಭವಾಗಿ ಹತ್ತುತ್ತದೆ, ಪ್ಲಾಸ್ಟಿಕ್ಕಿಗೆ ಹಾಗೆ ಹತ್ತುವುದಿಲ್ಲ. ನೀರಿಗೆ ಒಲಿಯುವುದೂ ಒಲಿಯದಿರುವುದೂ ಎಂಬ ಈ ಭೇದದ ಮೇಲೆಯೇ ಹಿಂದಿನ ಕಲ್ಲಚ್ಚು ನಿಂತಿತ್ತು. 18ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ಆ ಪದ್ಧತಿಯಲ್ಲಿ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ಒದ್ದೆ ಮಾಡುತ್ತಿದ್ದರು. ಜಿಡ್ಡಿನ ಅಕ್ಷರ ಮಾತ್ರ ಎಣ್ಣೆಮಸಿಯನ್ನು ಹಿಡಿಯುತ್ತಿತ್ತು. 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿಯೇ ಮುದ್ರಿತವಾದದ್ದು. ಜಿಲೆಟಿನ್ ಕೂಡ ಮುದ್ರಣಕ್ಕೆ ಹೊಸದಲ್ಲ. ಜಿಲೆಟಿನ್ ಗ್ಲಿಸರಿನ್‌ಗಳ ತಟ್ಟೆಗೆ ನೇರಳೆ ಬಣ್ಣದ ಬರವಣಿಗೆಯನ್ನು ಒತ್ತಿ ಹತ್ತಾರು ಪ್ರತಿ ತೆಗೆಯುವ ಹೆಕ್ಟೋಗ್ರಾಫ್ 19ನೆಯ ಶತಮಾನದ ಉತ್ತರಾರ್ಧದಿಂದ ಬಹುಕಾಲ ಅನೇಕ ದೇಶಗಳ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಬಳಕೆಯಲ್ಲಿತ್ತು.

ಒಂದು ಸಣ್ಣ ಒಗಟನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ. ಜೆರಾಕ್ಸ್ ಪ್ರತಿಯಲ್ಲಿ ಕನ್ನಡ ಅಕ್ಷರಗಳಿದ್ದರೆ ಕೊನೆಯ ಅಚ್ಚಿನಲ್ಲಿ ಅವು ತಿರುಗುಮುರುಗಾಗಿ ಬರುವುವೋ ನೇರವಾಗಿ ಬರುವುವೋ? ಮಾಡಿ ನೋಡುವ ಮೊದಲು ಉತ್ತರವನ್ನು ಬರೆದಿಡಿರಿ. ಚಿತ್ರವು ಎಷ್ಟು ಸಲ ಕನ್ನಡಿಯಂತೆ ಹೊರಳಿತು ಎಂದು ಎಣಿಸಿದವರಿಗೆ ಉತ್ತರ ತಾನಾಗಿ ತಿಳಿಯುತ್ತದೆ.

ಬೇಸಿಗೆಯ ಒಣಗಾಳಿಯೂ ಇಲ್ಲಿ ತನ್ನ ಪಾತ್ರವನ್ನು ವಹಿಸುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಆ ಸೀಮೆಯ ಗಾಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಂಥ ಗಾಳಿಗೆ ತೆಳುವಾದ ಬಣ್ಣ ಕಾಗದವನ್ನಿಡುವುದರೊಳಗೆ ಆರಿಬಿಡುತ್ತದೆ. ಆದುದರಿಂದ ಬೆಳಗಿನ ಹೊತ್ತೇ ಒಳ್ಳೆಯದು. ಬಣ್ಣಕ್ಕೆ ಎರಡು ಹನಿ ಗ್ಲಿಸರಿನ್ ಬೆರೆಸಿಯೂ ನೋಡಬಹುದು. ಅದೇ ಕೆಲಸವನ್ನು ಶ್ರಾವಣದ ಜಡಿಮಳೆಯಲ್ಲಿ ಮತ್ತೊಮ್ಮೆ ಮಾಡಿ, ಒಣಗಲು ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದರೆ ಗಾಳಿಯ ತೇವಾಂಶದ ಪಾಠ ತಾನಾಗಿ ಬಂದಂತಾಯಿತು.

ವಸ್ತು ಇದ್ದಲ್ಲಿಯೇ ಇದ್ದು ಅದರ ಚಿತ್ರ ಮಾತ್ರ ಪಯಣಿಸುವುದೆಂದರೆ ಎಂಥದೆಂಬುದನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಜೋಡು ಕಳಸದ ಗುಡಿಯೂ ಚಾಲುಕ್ಯರ ಕಾಲದ ಶಾಸನಗಳೂ ಇವೆ. ಒದ್ದೆಯ ಕಾಗದವನ್ನು ಕಲ್ಲಿಗೆ ಹೊಂದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರಗಳ ತಗ್ಗಿಗೆ ಇಳಿಸಿ, ಮೇಲೆ ಮಸಿಯ ಚೆಂಡನ್ನು ತಟ್ಟಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಶಾಸನತಜ್ಞರು ಶಾಸನಗಳ ಪಡಿಯಚ್ಚನ್ನು ತೆಗೆಯುವುದು ಹೀಗೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಎಲ್. ಡಿ. ಬಾರ್ನೆಟ್ ಸೂಡಿಯ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದನು. ಆದರೆ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಶಾಸನದ ಕಲ್ಲಿನ ಮೇಲೆ ಎಂದಿಗೂ ಮಾಡಕೂಡದು. ಅದು ಅನುಮತಿ ಪಡೆದ ತಜ್ಞರ ಕೆಲಸ. ಒಮ್ಮೆ ಕೆಟ್ಟ ಕಲ್ಲಿಗೆ ಎರಡನೆಯ ಪ್ರತಿಯಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಆಕ್ಷೇಪಿಸಬಹುದು: ಕಿಸೆಯಲ್ಲಿ ಕ್ಯಾಮರಾ ಇರುವ ಮೊಬೈಲು ಫೋನು ಇರುವಾಗ ಎಲೆಯ ಚಿತ್ರಕ್ಕೆ ಇಷ್ಟು ಪಡಿಪಾಟಲೇಕೆ? ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಬರಿಯ ಚಿತ್ರವೇ ಗುರಿಯಾಗಿದ್ದರೆ ಕ್ಯಾಮರಾವೇ ಮೇಲು. ಆದರೆ ಫೋನು ಚಿತ್ರವನ್ನು ಹೇಗೆ ತೆಗೆಯಿತೆಂಬುದು ಅದರ ಹೊದಿಕೆಯೊಳಗೆ ಅಡಗಿರುತ್ತದೆ. ತಟ್ಟೆಯಲ್ಲಿ ಎಲ್ಲವೂ ಕಣ್ಣೆದುರಿಗೆ ನಡೆಯುತ್ತದೆ. ಬಣ್ಣ ಎಲ್ಲಿ ಹತ್ತಿತು, ಎಲ್ಲಿ ಬಿಟ್ಟಿತು, ಏಕೆ ಬಿಟ್ಟಿತು ಎಂದು ಕೇಳದೆ ಮುಂದಿನ ಅಚ್ಚು ತೆಗೆಯುವಂತೆಯೇ ಇಲ್ಲ. ಇನ್ನು ಕೆಲವರು, ಅಂಗಡಿಯಲ್ಲಿ ಎಂದೂ ಕರಗದ ಕೃತಕ ತಟ್ಟೆಗಳು ಸಿಗುತ್ತವೆ, ಕೊಂಡರಾಯಿತು ಎನ್ನುವರು. ಚಿತ್ರಕಾರರಿಗೆ ಅವು ಬಹಳ ಅನುಕೂಲ. ವಿದ್ಯಾರ್ಥಿಗೆ ಮಾತ್ರ ಕರಗುವ ತಟ್ಟೆಯೇ ಹೆಚ್ಚು ಲಾಭದಾಯಕವೆಂದು ನಾವು ಹೇಳುತ್ತೇವೆ. ಕರಗದ ತಟ್ಟೆ ಅವನನ್ನು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.

ಪರೀಕ್ಷೆಯಲ್ಲಿ ಇದಕ್ಕೆ ಅಂಕವುಂಟೇ ಎಂಬುದು ಮೂರನೆಯ ಆಕ್ಷೇಪಣೆ. ಸದ್ಯಕ್ಕೆ ಇಲ್ಲವೆಂದೇ ಒಪ್ಪಬೇಕು. ಸರಿಯಾದ ಉತ್ತರಕ್ಕೆ ಅಂಕ ಕೊಡುವವರು ಪ್ರಾಮಾಣಿಕವಾದ ವೀಕ್ಷಣೆಗೆ ಅಂಕ ಕೊಡದಿದ್ದರೆ, ನಕಲು ಮಾಡಿದ ಪುಟವೇ ಜಾಣತನವೆಂದು ಮಕ್ಕಳು ತಿಳಿದರೆ ತಪ್ಪು ಯಾರದು? ಪ್ರಯೋಗಪುಸ್ತಕದಲ್ಲಿ ‘ನಿರೀಕ್ಷಿಸಿದ್ದು, ಕಂಡದ್ದು, ವ್ಯತ್ಯಾಸಕ್ಕೆ ಕಾರಣ’ ಎಂಬ ಮೂರು ಅಂಕಣಗಳನ್ನು ಇಟ್ಟು, ಮೂರನೆಯದಕ್ಕೆ ಹೆಚ್ಚಿನ ಅಂಕವನ್ನು ಕೊಡಲಿ ಎಂದು ನಾವು ಉಪಾಧ್ಯಾಯರನ್ನು ಪ್ರಾರ್ಥಿಸುತ್ತೇವೆ. ಇದಕ್ಕೆ ಹೊಸ ಕಟ್ಟಡವಾಗಲಿ ಉಪಕರಣವಾಗಲಿ ಬೇಕಿಲ್ಲ.

ಎಚ್ಚರಿಕೆಯ ಕೆಲವು ಮಾತುಗಳು. ಕುದಿಯುವ ಅಗರ್ ಉಕ್ಕಿಬರುತ್ತದೆ, ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಹಿರಿಯರು ಹತ್ತಿರವಿರಬೇಕು. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡಿಗೆಗೆ ಬಳಸಬಾರದು. ಅಕ್ರಿಲಿಕ್ ಬಣ್ಣವೂ ಪ್ಲಾಸ್ಟಿಕ್ಕೇ ಆದುದರಿಂದ ತೊಳೆದ ನೀರನ್ನು ಹೊಲಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲದೆ, ಉಳಿದ ಬಣ್ಣವನ್ನು ಮೊದಲು ಹಳೆಯ ಕಾಗದದಿಂದ ಒರಸಿ ತೆಗೆಯಬೇಕು. ಜಿಲೆಟಿನ್ನನ್ನು ಬೆಳಕಿನಿಂದ ಗಟ್ಟಿಗೊಳಿಸುವ ಹಳೆಯ ಮುದ್ರಣಪದ್ಧತಿಯಲ್ಲಿ ಡೈಕ್ರೋಮೇಟ್ ಲವಣಗಳನ್ನು ಬಳಸುತ್ತಿದ್ದರು. ಅವು ವಿಷಕಾರಿ, ಕ್ಯಾನ್ಸರ್ ತರುವಂಥವು. ಮನೆಯಲ್ಲಿ ಅವುಗಳ ಗೊಡವೆ ಬೇಡ.

ಕೊನೆಯದಾಗಿ ನಮ್ಮ ಒಂದು ಸಲಹೆ. ಈ ಮೂರು ತಾಲ್ಲೂಕುಗಳ ಹೈಸ್ಕೂಲು ಕಾಲೇಜುಗಳು ಒಂದೊಂದು ಎಲೆಯಚ್ಚಿನ ಸಂಪುಟವನ್ನು ಆರಂಭಿಸಲಿ. ಮುಂಗಾರಿನಲ್ಲಿ ಹೆಸರು, ಶೇಂಗಾ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಮುಳ್ಳಂಚಿನ ಕುಸುಬೆ. ನರಗುಂದದ ಕಾಲುವೆಯ ಬಯಲಿನಲ್ಲಿ ಹತ್ತಿ, ಗೋವಿನಜೋಳ. ಬದುಗಳಲ್ಲಿ ಬನ್ನಿ, ಬೇವು, ಕರಿಜಾಲಿ. ಜೋಳದ ಎಲೆಯಲ್ಲಿ ನರಗಳು ಸಮಾನಾಂತರವಾಗಿ ಓಡುವುದನ್ನೂ ಹತ್ತಿಯ ಎಲೆಯಲ್ಲಿ ಬಲೆಯಂತೆ ಹರಡುವುದನ್ನೂ ಒಮ್ಮೆ ತಾವೇ ಅಚ್ಚು ತೆಗೆದವರು ಏಕದಳ ದ್ವಿದಳಗಳ ಭೇದವನ್ನು ಮರೆಯಲಾರರು. ಪ್ರತಿಯೊಂದು ಅಚ್ಚಿನ ಕೆಳಗೆ ಊರು, ದಿನಾಂಕ, ಮಣ್ಣು, ಆ ಹೊತ್ತಿನ ತಾಪ ಇಷ್ಟನ್ನು ಬರೆಯಲಿ. ಹುಳು ತಿಂದ ಎಲೆಯನ್ನೂ ಚುಕ್ಕೆರೋಗ ತಗುಲಿದ ಎಲೆಯನ್ನೂ ಬಿಡದೆ ಸೇರಿಸಲಿ. ಅಸ್ಪಷ್ಟವಾಗಿ ಬಂದ ಅಚ್ಚನ್ನು ಹರಿದು ಬಿಸಾಡದೆ ಕಾರಣಸಹಿತ ಇಡಲಿ. ಹತ್ತು ವರ್ಷಗಳ ಮೇಲೆ ಅದೇ ಶಾಲೆಯ ಮಕ್ಕಳು ಪುಟ ತಿರುವಿದಾಗ ತಮ್ಮ ಊರಿನ ಹೊಲ ಹೇಗಿತ್ತೆಂಬುದಕ್ಕೆ ಅದು ಸಾಕ್ಷಿಯಾಗುತ್ತದೆ.

ರೋಣದ ಆ ಹುಡುಗನ ಟಿಪ್ಪಣಿಯನ್ನು ನಾವು ಮತ್ತೊಮ್ಮೆ ನೋಡಿದೆವು. ‘ಪ್ರಯೋಗ ಕೆಟ್ಟಿತು’ ಎಂಬುದನ್ನು ಅವನು ಅಳಿಸಿರಲಿಲ್ಲ. ಅದರ ಮುಂದೆ ಬೇರೆ ಮಸಿಯಲ್ಲಿ ‘ಏಕೆಂದರೆ’ ಎಂದು ಸೇರಿಸಿ, ಅರ್ಧ ಪುಟ ಬರೆದಿದ್ದನು.